ಮುಖದ ಮೇಲಿನ ಹೊಲಿಗೆ

ಆಯುರ್ವೇದದ ಚೂರ್ಣಗಳಿಗೆ ಬೀಳುವ ಸೈಂಧವ ಲವಣ ಈಚೆಗೆ ‘ಹಿಮಾಲಯನ್ ಪಿಂಕ್ ಸಾಲ್ಟ್’ ಎಂಬ ಹೆಸರು ಹೊತ್ತು ಸೂಪರ್‌ಮಾರ್ಕೆಟ್ಟಿನ ಕಪಾಟು ಏರಿದೆ. ಹೆಸರಲ್ಲಿ ಹಿಮಾಲಯವಿದ್ದರೂ ಆ ಹೆಸರಿನ ಉಪ್ಪಿನ ದೊಡ್ಡ ಪಾಲು ಅಗೆದು ತೆಗೆದದ್ದು ಪಾಕಿಸ್ತಾನದ ಪಂಜಾಬಿನಲ್ಲಿ, ಝೇಲಂ ನದಿಯ ಉತ್ತರಕ್ಕೆ ಅಡ್ಡಲಾಗಿ ಹಬ್ಬಿರುವ ಸಾಲ್ಟ್ ರೇಂಜ್ ಗುಡ್ಡಗಳ ಖೇವ್ರಾ ಗಣಿಯಿಂದ. ಆ ಗಣಿಯ ಬಾಯಿಯಿಂದ ಹೊರಬಂದು ಗುಡ್ಡ ಹತ್ತತೊಡಗಿದರೆ ಶಿಲೆಗಳು ಒಂದರ ಮೇಲೊಂದು ಸಾಲಾಗಿ ಎದುರಾಗುತ್ತವೆ. ತಳದಲ್ಲಿ ಉಪ್ಪು, ಜಿಪ್ಸಂ, ಕೆಂಪು ಜೇಡಿ. ಅದರ ಮೇಲೆ ನೇರಳೆಗೆಂಪಿನ ಖೇವ್ರಾ ಮರಳುಗಲ್ಲು. ಆಮೇಲೆ ಕುಸ್ಸಕ್ ಎಂದು ಕರೆಯುವ, ಹಸಿರು ಛಾಯೆಯ ಜೇಡುಗಲ್ಲು–ಮರಳುಗಲ್ಲುಗಳ ತೆಳು ಪದರಗಳು. ಅದರಾಚೆ ಜುಟಾನಾದ ಡಾಲೊಮೈಟ್. ನೆತ್ತಿಯಲ್ಲಿ ಬಾಘನ್‌ವಾಲಾದ ಕೆಂಪು ಶಿಲೆ. ಹಿಂದೊಮ್ಮೆ ಉಪ್ಪಿನ ಹರಳುಗಳು ಕೂತು ಕರಗಿಹೋದ ಘನಾಕಾರದ ಅಚ್ಚುಗಳು ಅದರ ಮೈಮೇಲೆ ಇಂದಿಗೂ ಕಾಣುತ್ತವೆ.

ಈ ಅಟ್ಟಣೆಯ ನಡುಭಾಗದಲ್ಲಿ ಸಿಗುವ ಟ್ರೈಲೊಬೈಟ್ ಒಂದರ ಹೆಸರು ರೆಡ್ಲಿಕಿಯಾ ನೋಯೆಟ್ಲಿಂಗಿ. ಸುಮಾರು 51 ಕೋಟಿ ವರ್ಷಗಳ ಹಿಂದೆ, ಕೇಂಬ್ರಿಯನ್ ಯುಗದಲ್ಲಿ, ಇಲ್ಲಿದ್ದ ತಿಳಿಯಾಳದ ಸಮುದ್ರದ ತಳದಲ್ಲಿ ಅದು ಓಡಾಡಿಕೊಂಡಿತ್ತು. ನೆಲದ ಮೇಲೆ ಆಗ ಮರವಿಲ್ಲ, ಹುಲ್ಲಿಲ್ಲ. ಟ್ರೈಲೊಬೈಟ್‌ಗಳ ಪೈಕಿ ಇದೇ ಮೊದಲನೆಯದಲ್ಲ. ಸೈಬೀರಿಯಾದ ಪ್ರೊಫಾಲೊಟಾಸ್ಪಿಸ್‌ನಂಥವು ಕೋಟಿ ವರ್ಷದಷ್ಟು ಹಿರಿಯವು. ಅವುಗಳ ಕವಚ ಶಿಲೆಯಲ್ಲಿ ಕಾಣಿಸಿಕೊಳ್ಳುವುದು ಸುಮಾರು 52 ಕೋಟಿ ವರ್ಷಗಳ ಹಿಂದೆ. ಅಲ್ಲಿಂದ 25 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದವರೆಗೆ ಈ ಸಂಧಿಪದಿಗಳು ಬಾಳಿದವು. ವಿಜ್ಞಾನಿಗಳು ಹೆಸರಿಟ್ಟ ಪ್ರಭೇದಗಳೇ 20,000ಕ್ಕೂ ಹೆಚ್ಚು. ಅಷ್ಟರಲ್ಲಿ ಈ ಒಂದನ್ನು ಆರಿಸಿಕೊಳ್ಳಲು ಕಾರಣವಿದೆ. ಟ್ರೈಲೊಬೈಟ್‌ಗಳ ಒಂದು ಇಡೀ ಗಣಕ್ಕೆ ರೆಡ್ಲಿಕಿಡಾ ಎಂಬ ಹೆಸರು ಬಂದದ್ದು ಇದರ ಕುಲದಿಂದ. ಆ ಗಣ ನಿಜವಾಗಿ ಒಂದು ಗಣವೇ ಎಂಬ ಜಗಳ ಇನ್ನೂ ಮುಗಿದಿಲ್ಲ.

ಹೆಸರಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ಜಿಯಲಾಜಿಕಲ್ ಸರ್ವೇ ಆಫ್ ಇಂಡಿಯಾದವರು ಮತ್ತೆ ಮತ್ತೆ ಬಂದು ಅಳೆದ ಗುಡ್ಡಗಳಿವು. ವಾರ್ತ್ ಎಂಬಾತ ಇಲ್ಲಿಂದ ಕೂಡಿಹಾಕಿದ ಪಳೆಯುಳಿಕೆಗಳನ್ನು ವಿಲ್ಹೆಲ್ಮ್ ವಾಗನ್ ವಿವರಿಸಿದರು. ಒಂದು ಪುಟ್ಟ ಚಿಪ್ಪುಜೀವಿಗೆ ನಿಯೋಬೋಲಸ್ ವಾರ್ತಿ ಎಂದು ಹೆಸರಿಟ್ಟರು. ಹಾಗಾಗಿ ಕುಸ್ಸಕ್ ಪದರಗಳಿಗೆ ಬಹುಕಾಲ ‘ನಿಯೋಬೋಲಸ್ ಪದರಗಳು’ ಎಂದೇ ಹೆಸರಿತ್ತು. ಸರ್ವೇಯ ಪಳೆಯುಳಿಕೆ ತಜ್ಞ ಫ್ರಿಟ್ಜ್ ನೋಯೆಟ್ಲಿಂಗ್ 1894ರಲ್ಲಿ ಇಲ್ಲಿನ ಪದರಗಳ ಅನುಕ್ರಮವನ್ನು ಬಿಡಿಸಿ ಬರೆದರು. ಅವುಗಳೊಳಗಿನ ಜೀವಿಗಳನ್ನು ವಿವರಿಸುವ ಕೆಲಸ ಆಸ್ಟ್ರಿಯಾದ ಕಾರ್ಲ್ ಆಗಸ್ಟ್ ರೆಡ್ಲಿಕ್ ಪಾಲಿಗೆ ಬಂತು. ಅವರ ಬರಹ 1899ರಲ್ಲಿ ಸರ್ವೇಯ ‘ಪೇಲಿಯಂಟಾಲಜಿಯಾ ಇಂಡಿಕಾ’ ಮಾಲೆಯಲ್ಲಿ ಬಂತು. ಹೊಸ ಟ್ರೈಲೊಬೈಟ್ ಕುಲಕ್ಕೆ ಅವರು ಕೊಟ್ಟ ಹೆಸರು ಹೋಫೆರಿಯಾ, ಪ್ರಭೇದಕ್ಕೆ ನೋಯೆಟ್ಲಿಂಗಿ.

ಆದರೆ ಹೋಫೆರಿಯಾ ಆಗಲೇ ಬೇರೊಂದು ಪ್ರಾಣಿಗೆ ಸಂದಿತ್ತು. ಪ್ರಾಣಿಲೋಕದಲ್ಲಿ ಎರಡು ಕುಲಗಳಿಗೆ ಒಂದೇ ಹೆಸರಿರಕೂಡದು, ಮೊದಲು ಬಂದವರಿಗೆ ಹಕ್ಕು. ಇಂಥ ತಪ್ಪುಗಳನ್ನು ಹೆಕ್ಕಿ ಸರಿಪಡಿಸುವುದರಲ್ಲಿ ನಿಸ್ಸೀಮನಾಗಿದ್ದವ ಫ್ರಾನ್ಸಿನ ಮಾರಿಸ್ ಕಾಸ್ಮನ್. ವೃತ್ತಿಯಿಂದ ರೈಲ್ವೆ ಎಂಜಿನಿಯರ್, ಪ್ರವೃತ್ತಿಯಿಂದ ಚಿಪ್ಪುಗಳ ಪಂಡಿತ, ಇತರರ ಪಳೆಯುಳಿಕೆ ಬರಹಗಳನ್ನು ವಿಮರ್ಶಿಸುವ ಪತ್ರಿಕೆಯೊಂದರ ಸಂಪಾದಕ ಕೂಡ. 1902ರಲ್ಲಿ ಆತ ಹೋಫೆರಿಯಾ ತೆಗೆದು ರೆಡ್ಲಿಕಿಯಾ ಎಂದು ಬರೆದ. ಖೇವ್ರಾದ ಮೇಲಿನ ಗುಡ್ಡದ ಜೀವಿಗೆ ಹೀಗೆ ಶಾಶ್ವತವಾದ ಹೆಸರು ಬಿತ್ತು. ನೋಯೆಟ್ಲಿಂಗಿ ಆ ಕುಲದ ಮಾದರಿ ಪ್ರಭೇದವಾಯಿತು. ಇದರ ಅರ್ಥ ಸಣ್ಣದಲ್ಲ. ಚೀನಾದಲ್ಲೋ ಆಸ್ಟ್ರೇಲಿಯಾದಲ್ಲೋ ಯಾವುದಾದರೂ ಟ್ರೈಲೊಬೈಟನ್ನು ‘ಇದು ರೆಡ್ಲಿಕಿಯಾ’ ಎಂದು ಕರೆಯಬೇಕಾದರೆ ಕೊನೆಗೆ ಹೋಲಿಸಿ ನೋಡಬೇಕಾದ್ದು ನೋಯೆಟ್ಲಿಂಗಿಯನ್ನೇ. ಅಲ್ಲಿ ಇಡಿಯಾಗಿ, ಕಾಲು–ಕರುಳು ಸಮೇತ ಸಿಕ್ಕ ಸೊಗಸಾದ ಮಾದರಿಗಳಿರಲಿ, ಕುಲದ ಹೆಸರಿನ ಬೇರು ಮಾತ್ರ ಸಾಲ್ಟ್ ರೇಂಜ್‌ನ ಮುರುಕು ತುಂಡುಗಳಲ್ಲಿದೆ.

ಮುರುಕು ತುಂಡುಗಳೇಕೆ? ಪಳೆಯುಳಿಕೆ ಎಂದರೆ ಸತ್ತ ಪ್ರಾಣಿಯ ಅವಶೇಷ ಎಂದುಕೊಳ್ಳುತ್ತೇವೆ. ಟ್ರೈಲೊಬೈಟ್‌ಗಳ ವಿಷಯದಲ್ಲಿ ಬಹಳಷ್ಟು ಸಲ ಅದು ಸುಳ್ಳು. ಏಡಿ, ಸೀಗಡಿ, ಜಿರಳೆಗಳಂತೆ ಇವೂ ಬೆಳೆಯಬೇಕಾದರೆ ಪೊರೆ ಕಳಚಬೇಕಿತ್ತು. ಒಂದೇ ಪ್ರಾಣಿ ತನ್ನ ಜೀವಮಾನದಲ್ಲಿ ಹಲವು ಕವಚಗಳನ್ನು ಬಿಟ್ಟು ಹೋಗುತ್ತದೆ. ಕವಚ ಕ್ಯಾಲ್ಸೈಟ್‌ನದು, ಅಂದರೆ ಸುಣ್ಣದ ಹರಳಿನದು. ಹಾಗಾಗಿ ಸುಲಭವಾಗಿ ಕೊಳೆಯುವುದಿಲ್ಲ. ಸಮುದ್ರದ ತಳದ ಅಲೆ, ಹರಿವು ಅವನ್ನು ಚದುರಿಸಿ, ತಲೆಯೊಂದು ಕಡೆ ಕೆನ್ನೆಯೊಂದು ಕಡೆ ಮಾಡಿ ಮಣ್ಣಿನಲ್ಲಿ ಹೂಳುತ್ತವೆ. ವಿಜ್ಞಾನಿಯ ಕೈಗೆ ಬರುವುದು ಹೆಚ್ಚಾಗಿ ಈ ಬಿಡಿ ಭಾಗಗಳೇ. ಅಂದರೆ ಪ್ರಭೇದವನ್ನು ಗುರುತಿಸುವ ಕೆಲಸ ಬಹುಮಟ್ಟಿಗೆ ಬಿಸಾಕಿದ ಉಡುಪನ್ನು ಓದುವ ಕೆಲಸ.

ಓದಲು ಉಡುಪಿನ ಅಳತೆ ಗೊತ್ತಿರಬೇಕು. ಟ್ರೈಲೊಬೈಟಿನ ಮೈ ತಲೆ, ಎದೆ, ಬಾಲ ಎಂದು ಮೂರು ಭಾಗ. ಜೊತೆಗೆ ಉದ್ದಕ್ಕೂ ಎರಡು ತೋಡುಗಳು ಹರಿದು ಮೈಯನ್ನು ನಡುವಿನ ದಿಂಡು, ಎಡಮಗ್ಗುಲು, ಬಲಮಗ್ಗುಲು ಎಂದು ಇನ್ನೊಂದು ಬಗೆಯಲ್ಲಿ ಮೂರಾಗಿಸುತ್ತವೆ. ತಲೆಯ ಮೇಲೆ ಈ ನಡುದಿಂಡು ಉಬ್ಬಿ ನಿಂತ ಭಾಗಕ್ಕೆ ಗ್ಲಾಬೆಲ್ಲಾ ಎನ್ನುತ್ತಾರೆ. ಅದರಡಿಯಲ್ಲಿ ಪ್ರಾಣಿಯ ಹೊಟ್ಟೆಯಿತ್ತು. ಅದರ ಎರಡೂ ಪಕ್ಕ ಕೆನ್ನೆಗಳು, ಕೆನ್ನೆಗಳ ಮೇಲೆ ಕಣ್ಣು.

ರೆಡ್ಲಿಕಿಯಾದ ತಲೆಯನ್ನು ನೋಡುವಾಗ ಕಣ್ಣಿಗೆ ಮೊದಲು ಬೀಳುವುದೇ ಕಣ್ಣು. ಸರಿಯಾಗಿ ಹೇಳಬೇಕೆಂದರೆ ಕಣ್ಣಿದ್ದ ಜಾಗದ ಒಳಬದಿಯ ದಿಣ್ಣೆ. ಗ್ಲಾಬೆಲ್ಲಾದ ಮುಂತುದಿಯ ಪಕ್ಕದಿಂದ ಹೊರಟು, ಕುಡುಗೋಲಿನ ಅಲಗಿನ ಹಾಗೆ ಹೊರಕ್ಕೆ ಬಾಗಿ, ಮತ್ತೆ ಒಳಕ್ಕೆ ತಿರುಗಿ ತಲೆಯ ಹಿಂದಿನ ಅಂಚಿನ ಹತ್ತಿರದವರೆಗೂ ಅದು ಓಡುತ್ತದೆ. ತಲೆಯ ಬಹುಪಾಲು ಉದ್ದವನ್ನು ಕಣ್ಣೇ ಆವರಿಸಿದೆ. ನೋಟದ ಮೇಲ್ಮೈ ಮಾತ್ರ ಸಿಗುವುದು ಅಪರೂಪ. ಈ ಕಾಲದ ಟ್ರೈಲೊಬೈಟ್‌ಗಳಲ್ಲಿ ಆ ಮೇಲ್ಮೈಯ ಸುತ್ತ ಬಿರುಕುಗೆರೆ ಇರುತ್ತಿತ್ತು. ಪೊರೆ ಕಳಚುವಾಗ ಅದು ಕಳಚಿ ಬಿದ್ದುಹೋಗುತ್ತಿತ್ತು. ಕಣ್ಣಿನ ಒಳರಚನೆ ಉಳಿದ ಅಪೂರ್ವ ನಿದರ್ಶನ ಎಸ್ಟೋನಿಯಾದ ಷ್ಮಿಡ್ಟಿಯೆಲ್ಲಸ್ ರೀಟೇ ಎಂಬ ಇನ್ನೂ ಹಳೆಯ ಪ್ರಭೇದದ್ದು. ಅದರ ಒಂದು ಕಣ್ಣು ಸವೆದಿದ್ದರಿಂದ ಒಳಗಿನ ಸುಮಾರು ನೂರು ಘಟಕಗಳ ವಿನ್ಯಾಸ ಕಂಡಿತೆಂದು 2017ರಲ್ಲಿ ಅಧ್ಯಯನಕಾರರು ವರದಿ ಮಾಡಿದರು. ಇಂದಿನ ಜೇನುನೊಣದ ಕಣ್ಣಿನಲ್ಲಿ ಅಂಥ ಘಟಕಗಳು ಸಾವಿರಗಟ್ಟಲೆ. ಆ ಹಳೆಯ ಕಣ್ಣಿಗೆ ಅಡ್ಡ ಬಂದದ್ದನ್ನು ಕಂಡು ತಪ್ಪಿಸಿಕೊಳ್ಳುವಷ್ಟು ಕಾಣುತ್ತಿದ್ದಿರಬೇಕು, ಅಷ್ಟೆ.

ಗ್ಲಾಬೆಲ್ಲಾ ರೆಡ್ಲಿಕಿಯಾದಲ್ಲಿ ಉದ್ದನೆಯದು, ಮುಂದಕ್ಕೆ ಹೋದಂತೆ ಸಣ್ಣಗಾಗುತ್ತ ಮುಂದಿನ ಅಂಚನ್ನು ಬಹುತೇಕ ಮುಟ್ಟುತ್ತದೆ. ಅದರ ಮೇಲೆ ಮೂರು ಜೊತೆ ಅಡ್ಡ ತೋಡುಗಳು. ಕೆನ್ನೆಯ ಹಿಂದಿನ ಮೂಲೆಗಳಿಂದ ಎರಡು ಉದ್ದ ಮುಳ್ಳುಗಳು ಮೈಗುಂಟ ಹಿಂದಕ್ಕೆ ಚಾಚುತ್ತವೆ. ತಲೆಯ ಅಡಿಭಾಗದಲ್ಲಿ, ಬಾಯಿಯ ಮುಂದೆ ಇರುವ ಫಲಕ ಮುಂದಿನ ಅಂಚಿನ ಫಲಕದೊಂದಿಗೆ ಬೆಸೆದುಕೊಂಡಿದೆ. ಎಸ್ಟೋನಿಯಾದಿಂದ ಆಸ್ಟ್ರೇಲಿಯಾಕ್ಕೆ ವಲಸೆ ಹೋದ ಆರ್ಮಿನ್ ಓಪಿಕ್ 1958ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕುಲದ ಇಂಥ ಒಳಹೊರಗುಗಳನ್ನೆಲ್ಲ ಬಿಡಿಸಿ ತೋರಿಸಿತು. ಎದೆಯಲ್ಲಿ ಹತ್ತಕ್ಕಿಂತ ಹೆಚ್ಚು ಖಂಡಗಳು, ಪ್ರತಿ ಖಂಡದ ತುದಿಯೂ ಮೊನೆ. ಬಾಲದ ಫಲಕ ಮಾತ್ರ ನಗು ಬರಿಸುವಷ್ಟು ಚಿಕ್ಕದು. ಅನಂತರದ ಯುಗಗಳ ಟ್ರೈಲೊಬೈಟ್‌ಗಳಲ್ಲಿ ಹಲವು ತಲೆ–ಬಾಲ ಸಮನಾಗಿದ್ದು, ಅಪಾಯ ಬಂದಾಗ ಮುದುರಿ ಉಂಡೆಯಾಗಿ, ಅಂಚಿಗೆ ಅಂಚು ಕೂಡಿಸಿ ಬೀಗ ಹಾಕಿಕೊಳ್ಳುತ್ತಿದ್ದವು. ರೆಡ್ಲಿಕಿಯಾಕ್ಕೆ ಆ ಭದ್ರತೆ ಇರಲಿಲ್ಲ.

ಇಷ್ಟು ಹೇಳಿದರೂ ಮುಖ್ಯವಾದದ್ದನ್ನು ಉಳಿಸಿಕೊಂಡಿದ್ದೇನೆ. ತಲೆಯ ಮೇಲೆ, ಎರಡೂ ಪಕ್ಕ, ಕೂದಲೆಳೆಯಂಥ ಒಂದೊಂದು ಗೆರೆ. ಮುಂದಿನ ಅಂಚಿನಿಂದ ಹೊರಟು ಕಣ್ಣಿನ ಒಳಬದಿಯನ್ನು ಸವರಿ ಹಿಂದಿನ ಅಂಚನ್ನು ಕತ್ತರಿಸುತ್ತದೆ. ಇದಕ್ಕೆ ಮುಖದ ಹೊಲಿಗೆ ಎನ್ನಬಹುದು. ಅವರೆಕಾಯಿ ತನ್ನ ಅಂಚಿನ ನಾರಿನಗುಂಟ ಬಿಚ್ಚಿಕೊಳ್ಳುವಂತೆ, ಪೊರೆ ಕಳಚುವ ಕಾಲಕ್ಕೆ ತಲೆಯ ಕವಚ ಈ ಗೆರೆಯಗುಂಟ ಬಿಟ್ಟುಕೊಳ್ಳುತ್ತಿತ್ತು. ಗೆರೆಯ ಹೊರಗಿನ ಕೆನ್ನೆಗಳು ಮುಳ್ಳಿನ ಸಮೇತ ಬೇರೆಯಾಗುತ್ತಿದ್ದವು. ಒಳಗಿನ ನಡುತಲೆ ಒಂದೇ ತುಂಡಾಗಿ ಉಳಿಯುತ್ತಿತ್ತು. ಶಿಲೆಯಲ್ಲಿ ಹೆಚ್ಚು ಸಿಗುವುದು ಈ ನಡುತಲೆಯೇ. ಅದರ ಹೊರಗೆರೆ ಎಂದರೆ ಹೊಲಿಗೆಯ ದಾರಿ. ಹಾಗಾಗಿ ಕೈಯಲ್ಲಿ ನಡುತಲೆಯ ಒಂದು ಚೂರಿದ್ದರೂ ಪ್ರಾಣಿ ಹೇಗೆ ಬಿಚ್ಚಿಕೊಳ್ಳುತ್ತಿತ್ತು ಎಂಬುದು ಆ ಚೂರಿನ ಅಂಚಿನಲ್ಲೇ ಬರೆದಿರುತ್ತದೆ.

ರೆಡ್ಲಿಕಿಯಾದ ಹೊಲಿಗೆಗೆ ವಿಶಿಷ್ಟವಾದ ನಡೆಯಿದೆ. ಕಣ್ಣಿನಿಂದ ಮುಂದಕ್ಕೆ ಹೋಗುವ ಕವಲು ನೇರವಾಗಿ ಮುಂದಕ್ಕೆ ಹೋಗದೆ ಪಕ್ಕಕ್ಕೆ ಜೋರಾಗಿ ಹೊರಳುತ್ತದೆ. ಕೆಲವು ಪ್ರಭೇದಗಳಲ್ಲಿ ಮೈಯ ನಡುಗೆರೆಗೆ ಬಹುತೇಕ ಅಡ್ಡಲಾಗುವಷ್ಟು. ಇದರಿಂದ ನಡುತಲೆಯ ಮುಂಭಾಗ ಎರಡೂ ಕಡೆ ರೆಕ್ಕೆಯಾಗಿ ಅಗಲಿಸುತ್ತದೆ. ಉದ್ದ ಕಣ್ದಿಣ್ಣೆ, ಮುಂದಕ್ಕೆ ಸಣ್ಣಗಾಗುವ ಗ್ಲಾಬೆಲ್ಲಾ, ಅಗಲಿಸಿದ ಮುಂಗವಲು. ಇವು ಮೂರೂ ಒಟ್ಟಿಗೆ ಕಂಡರೆ ನುರಿತ ಕಣ್ಣು ಅರೆಕ್ಷಣದಲ್ಲಿ ಕುಲವನ್ನು ಹೇಳುತ್ತದೆ.

ಪ್ರಭೇದ ಹೇಳುವುದು ಅಷ್ಟು ಸಲೀಸಲ್ಲ. 1905ರಲ್ಲಿ ಚಾರ್ಲ್ಸ್ ವಾಲ್ಕಾಟ್ ಚೀನಾದ ಪ್ರಭೇದಕ್ಕೆ ರೆಡ್ಲಿಕಿಯಾ ಚೈನೆನ್ಸಿಸ್ ಎಂದು ಹೆಸರಿಟ್ಟ ಮೇಲೆ ಆ ದೇಶದಿಂದಲೇ ಹತ್ತಾರು ಪ್ರಭೇದಗಳು ಬಂದವು. ಮುಂಗವಲಿನ ಕೋನ ಎಷ್ಟು, ಕಣ್ದಿಣ್ಣೆಯ ಹಿಂತುದಿ ಗ್ಲಾಬೆಲ್ಲಾಕ್ಕೆ ಎಷ್ಟು ಹತ್ತಿರ, ಗ್ಲಾಬೆಲ್ಲಾದ ಮುಂದೆ ಎಷ್ಟು ಬಯಲು, ಇಂಥ ಅಳತೆಗಳ ಮೇಲೆ ಅವುಗಳನ್ನು ಬೇರ್ಪಡಿಸಿದ್ದಾರೆ. ಈ ಅಳತೆಗಳ ಮೇಲೆ ನನಗೆ ಪೂರ್ತಿ ವಿಶ್ವಾಸವಿಲ್ಲ, ಅದಕ್ಕೆ ಕಾರಣವೂ ನಮ್ಮ ಹಿಮಾಲಯದಿಂದಲೇ ಸಿಗುತ್ತದೆ. ಜೇಡುಗಲ್ಲಿನಲ್ಲಿ ಹೂತ ಕವಚ ಮೇಲಿನ ಭಾರಕ್ಕೆ ಚಪ್ಪಟೆಯಾಗುತ್ತದೆ. ಆಮೇಲೆ ಪರ್ವತ ಏಳುವಾಗ ಶಿಲೆ ಒಂದು ದಿಕ್ಕಿಗೆ ಹಿಂಡಿಸಿಕೊಂಡರೆ ಒಳಗಿನ ಟ್ರೈಲೊಬೈಟೂ ಹಿಂಡಿಸಿಕೊಳ್ಳುತ್ತದೆ. ಉದ್ದಕ್ಕೆ ಎಳೆದದ್ದು ನೀಳ ಮುಖದ ಪ್ರಭೇದ, ಅಡ್ಡಕ್ಕೆ ಎಳೆದದ್ದು ಅಗಲ ಮುಖದ ಪ್ರಭೇದ! ಕಾಶ್ಮೀರದ ಕೇಂಬ್ರಿಯನ್ ಟ್ರೈಲೊಬೈಟ್‌ಗಳಲ್ಲಿ ಕೌಪರ್ ರೀಡ್ 1934ರಲ್ಲಿ ಹಲವಾರು ಪ್ರಭೇದಗಳನ್ನು ಹೆಸರಿಸಿದ್ದರು. 1992ರಲ್ಲಿ ನೈಜೆಲ್ ಹ್ಯೂಸ್ ಮತ್ತು ಪೀಟರ್ ಜೆಲ್ ಅವೇ ಮಾದರಿಗಳನ್ನು ಅಳೆದು, ಕಂಪ್ಯೂಟರಿನಲ್ಲಿ ಹಿಂಡುವಿಕೆಯನ್ನು ಬಿಡಿಸಿ ನೋಡಿದರು. ಬೇರೆ ಬೇರೆ ಎಂದುಕೊಂಡಿದ್ದ ಆಕಾರಗಳಲ್ಲಿ ಬಹಳಷ್ಟು ಭೂಮಿಯ ಒತ್ತಡದ ಕೈಚಳಕವೆಂದು ಹೊರಬಿತ್ತು. ಅವು ರೆಡ್ಲಿಕಿಯಾಗಳಲ್ಲ, ತುಸು ಈಚಿನ ಕಾಲದವು. ಪಾಠ ಮಾತ್ರ ರೆಡ್ಲಿಕಿಯಾಕ್ಕೂ ಅಷ್ಟೇ ಅನ್ವಯ. ಮುಂಗವಲಿನ ಕೋನ ಐದು ಡಿಗ್ರಿ ಹೆಚ್ಚಿದ್ದರೆ ಹೊಸ ಹೆಸರು ಕೊಡುವ ಮುಂಚೆ ಆ ಕಲ್ಲು ಎಷ್ಟು ಹಿಂಸೆ ಅನುಭವಿಸಿದೆ ಎಂದು ಕೇಳಬೇಕು. ವಯಸ್ಸಿನದೂ ಒಂದು ತೊಡಕು. ಮರಿ ಟ್ರೈಲೊಬೈಟಿನ ತಲೆ ದೊಡ್ಡದರ ಚಿಕ್ಕ ಪ್ರತಿಯಲ್ಲ. ಬೆಳೆದಂತೆ ಕಣ್ಣು, ಗ್ಲಾಬೆಲ್ಲಾ, ಮುಳ್ಳುಗಳ ಅನುಪಾತವೇ ಬದಲಾಗುತ್ತದೆ. ಒಂದೇ ಪ್ರಾಣಿಯ ಬಾಲ್ಯಕ್ಕೊಂದು ಯೌವನಕ್ಕೊಂದು ಹೆಸರು ಬಿದ್ದ ಪ್ರಸಂಗಗಳು ಟ್ರೈಲೊಬೈಟ್ ಶಾಸ್ತ್ರದಲ್ಲಿ ಸಾಕಷ್ಟಿವೆ.

ಇನ್ನು ವರ್ಗೀಕರಣ. ರೆಡ್ಲಿಕಿಯಾವನ್ನು ಅರ್ಥ ಮಾಡಿಕೊಳ್ಳಲು ಅದರ ಸಮಕಾಲೀನ, ಉತ್ತರ ಅಮೆರಿಕದ ಒಲೆನೆಲ್ಲಸ್ ಪಕ್ಕದಲ್ಲಿಟ್ಟು ನೋಡಬೇಕು. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಯಲ್ಲಿ ಸಿಕ್ಕ ಟ್ರೈಲೊಬೈಟನ್ನು 1890ರಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಒಲೆನೆಲ್ಲಸ್ ಎಂದೇ ಕರೆದಿದ್ದರು. ಅದು ರೆಡ್ಲಿಕಿಯಾ ಎಂದು ತಿಳಿದದ್ದು ಆಮೇಲೆ. ತಪ್ಪಾದದ್ದು ಸಹಜ. ಎರಡಕ್ಕೂ ಬಾಗಿದ ಉದ್ದ ಕಣ್ದಿಣ್ಣೆ, ಎರಡಕ್ಕೂ ಕೆನ್ನೆಮುಳ್ಳು, ಎರಡಕ್ಕೂ ಖಂಡಗಳು ಬಹಳ, ಎರಡಕ್ಕೂ ಬಾಲ ಅಲ್ಪ. ವ್ಯತ್ಯಾಸ ಹುಡುಕಿದರೆ ಒಲೆನೆಲ್ಲಸ್‌ನ ಗ್ಲಾಬೆಲ್ಲಾ ಮುಂದಕ್ಕೆ ಸಣ್ಣಗಾಗುವ ಬದಲು ಉಬ್ಬುತ್ತದೆ. ಅದರ ಎದೆಯ ಮೂರನೆಯ ಖಂಡ ಮಿಕ್ಕವಕ್ಕಿಂತ ದೊಡ್ಡದು, 15ನೆಯದರ ಬೆನ್ನ ಮೇಲೆ ಉದ್ದ ಮುಳ್ಳು. ಇವೆಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಒಂದಿದೆ. ಒಲೆನೆಲ್ಲಸ್‌ನ ತಲೆಯ ಮೇಲೆ ಮುಖದ ಹೊಲಿಗೆ ಇಲ್ಲ. ಅದು ತಲೆಯ ಅಂಚಿನ ಗೆರೆಯಲ್ಲಿ ಬಿಚ್ಚಿಕೊಂಡು ಮುಂದಿನಿಂದ ಹೊರಬರುತ್ತಿತ್ತು. ಹಾಗಾಗಿ ಅದರ ತಲೆ ಶಿಲೆಯಲ್ಲಿ ಕೆನ್ನೆ ಸಮೇತ ಇಡಿಯಾಗಿ ಸಿಗುತ್ತದೆ, ಸಂಗ್ರಾಹಕರಿಗೆ ಹಬ್ಬ.

ಚಾರ್ಲ್ಸ್ ಬೀಚರ್ 1897ರಲ್ಲಿ ಟ್ರೈಲೊಬೈಟ್‌ಗಳನ್ನೆಲ್ಲ ಈ ಹೊಲಿಗೆಯ ದಾರಿಯನ್ನೇ ಆಧಾರ ಮಾಡಿಕೊಂಡು ಗಣಗಳಾಗಿ ವಿಂಗಡಿಸಿದ್ದರು. ಒಂದೇ ಲಕ್ಷಣವನ್ನು ನೆಚ್ಚಿಕೊಂಡ ವರ್ಗೀಕರಣ ಬಹುಕಾಲ ಬಾಳಲಿಲ್ಲ. ದೂರದ ಗುಂಪುಗಳಲ್ಲೂ ಹೊಲಿಗೆ ಒಂದೇ ದಾರಿ ಹಿಡಿದಿರುವುದು ಕಂಡುಬಂತು. ಆದರೂ ಹೊಲಿಗೆ ಇದೆಯೋ ಇಲ್ಲವೋ ಎಂಬ ಮೂಲಪ್ರಶ್ನೆ ಉಳಿದುಕೊಂಡಿತು. 1932ರಲ್ಲಿ ಜರ್ಮನಿಯ ರುಡಾಲ್ಫ್ ರಿಕ್ಟರ್ ರೆಡ್ಲಿಕಿಡಾ ಗಣವನ್ನು ಸ್ಥಾಪಿಸಿದರು. 1997ರಲ್ಲಿ ಬಂದ, ಈ ಕ್ಷೇತ್ರದವರ ಪಾಲಿನ ಮಹಾಕೋಶದ ಪರಿಷ್ಕೃತ ಸಂಪುಟದಲ್ಲಿ ಆ ಗಣದೊಳಗೆ ಹೊಲಿಗೆಯಿಲ್ಲದವರಿಗೆ ಒಲೆನೆಲ್ಲಿನಾ, ಹೊಲಿಗೆಯಿರುವವರಿಗೆ ರೆಡ್ಲಿಕಿನಾ ಎಂಬ ಎರಡು ಉಪಗಣಗಳಿವೆ. ನಮ್ಮ ಜೀವಿಯ ಪೂರ್ಣ ವಿಳಾಸ ಹೀಗೆ: ಸಂಧಿಪದಿಗಳ ವಂಶ, ಟ್ರೈಲೊಬೈಟ್ ವರ್ಗ, ರೆಡ್ಲಿಕಿಡಾ ಗಣ, ರೆಡ್ಲಿಕಿನಾ ಉಪಗಣ, ರೆಡ್ಲಿಕಿಡೇ ಕುಟುಂಬ, ರೆಡ್ಲಿಕಿಯಾ ಕುಲ, ನೋಯೆಟ್ಲಿಂಗಿ ಪ್ರಭೇದ.

ವಿಳಾಸ ಅಚ್ಚುಕಟ್ಟಾಗಿದೆ, ಮನೆಯ ಅಡಿಪಾಯ ಅಲುಗಾಡುತ್ತಿದೆ. ರೆಡ್ಲಿಕಿಡಾಗಳನ್ನು ಒಟ್ಟಿಗೆ ಕಟ್ಟಿರುವ ಲಕ್ಷಣಗಳು ಯಾವುವು ಎಂದು ಕೇಳಿ. ಖಂಡಗಳು ಬಹಳ, ಬಾಲ ಚಿಕ್ಕದು, ಕಣ್ಣು ಉದ್ದ, ಕೆನ್ನೆಗೆ ಮುಳ್ಳು. ಇವೆಲ್ಲ ಟ್ರೈಲೊಬೈಟ್‌ಗಳ ಮೊದಲ ಪೂರ್ವಜರಿಗೇ ಇದ್ದಿರಬಹುದಾದ ಹಳೆಯ ಲಕ್ಷಣಗಳು. ಹಳೆಯ ಲಕ್ಷಣ ಉಳಿಸಿಕೊಂಡವರೆಲ್ಲ ಒಂದೇ ಮನೆಯವರು ಎನ್ನಲಾಗುವುದಿಲ್ಲ. ಹಲ್ಲಿಗೂ ಮೊಸಳೆಗೂ ಗರಿಯಿಲ್ಲ, ಮೈಮೇಲೆ ಹುರುಪೆಯಿದೆ. ಆದರೂ ಮೊಸಳೆಗೆ ಹಲ್ಲಿಗಿಂತ ಹತ್ತಿರದ ನಂಟ ಪಾರಿವಾಳ. ನಂಟು ತೋರಿಸುವುದು ಎಲ್ಲರಿಗೂ ಮೊದಲಿನಿಂದ ಇದ್ದದ್ದಲ್ಲ, ನಡುವೆ ಎಲ್ಲೋ ಹೊಸದಾಗಿ ಹುಟ್ಟಿ ಮುಂದಿನ ಪೀಳಿಗೆಗೆ ಇಳಿದು ಬಂದದ್ದು. ಮುಖದ ಹೊಲಿಗೆ ಅಂಥ ಹೊಸತಾಗಿದ್ದರೆ ಹೊಲಿಗೆಯಿರುವ ರೆಡ್ಲಿಕಿಯಾ ತನ್ನದೇ ಗಣದ ಒಲೆನೆಲ್ಲಸ್‌ಗಿಂತ, ಗಣದ ಹೊರಗಿನ, ಕೋಟ್ಯಂತರ ವರ್ಷ ಈಚಿನ ಟ್ರೈಲೊಬೈಟ್‌ಗಳಿಗೇ ಹತ್ತಿರ. ಅಂದರೆ ರೆಡ್ಲಿಕಿಡಾ ಒಂದು ಕವಲಲ್ಲ, ಬೇರೆ ಗಣಗಳೆಲ್ಲ ಒಡೆದು ಹೋದ ಮೇಲೆ ಉಳಿದ ಬುಡ. ಇಂದಿನ ತಜ್ಞರಲ್ಲಿ ಬಹಳ ಮಂದಿ ಹೀಗೇ ಓದುತ್ತಾರೆ. ನನಗೂ ಇದೇ ಸರಿ ಎನಿಸುತ್ತದೆ. ಬಿಚ್ಚಿ ನೋಡಿದರೆ ಈ ಅಧ್ಯಾಯದ ಹುರುಳು ಇಷ್ಟೆ: ರೆಡ್ಲಿಕಿಯಾವನ್ನು ಕೂಡಲೇ ಗುರುತಿಸಲು ನೆರವಾಗುವ ಲಕ್ಷಣಗಳಲ್ಲಿ ಹೆಚ್ಚಿನವು ಅದರ ನಂಟಸ್ತಿಕೆಯ ಬಗ್ಗೆ ಏನೂ ಹೇಳುವುದಿಲ್ಲ, ಕೂದಲೆಳೆಯ ಗೆರೆಯೊಂದು ಹೇಳುತ್ತದೆ.

ಅದಕ್ಕೂ ಒಂದು ‘ಆದರೆ’ ಇದೆ. ಒಲೆನೆಲ್ಲಸ್ ಬಳಗಕ್ಕೆ ಹೊಲಿಗೆ ಮೊದಲಿನಿಂದಲೂ ಇರಲಿಲ್ಲವೋ, ಇದ್ದು ಬೆಸೆದುಹೋಯಿತೋ? ಮುಂಚಿನ ಕೆಲವರು ಬೆಸೆದುಹೋಯಿತು ಎಂದು ವಾದಿಸಿದ್ದರು. ಅತ್ಯಂತ ಹಳೆಯ ಪದರಗಳಲ್ಲಿ ಹೊಲಿಗೆಯಿದ್ದವೂ ಇಲ್ಲದವೂ ಹೆಚ್ಚು ಅಂತರವಿಲ್ಲದೆ ಕಾಣಿಸಿಕೊಳ್ಳುವುದರಿಂದ ಶಿಲೆಯ ಅನುಕ್ರಮವನ್ನೇ ನೋಡಿ ತೀರ್ಮಾನ ಕೊಡಲಾಗದು. ಇನ್ನೊಂದು ಸುಳಿವು ಮರಿಗಳಿಂದ ಬರುತ್ತದೆ. ರೆಡ್ಲಿಕಿಯಾ ಮತ್ತು ಅದರ ಮುಂದಿನವರಲ್ಲಿ ಮೊಟ್ಟೆಯಿಂದ ಬಂದ ತುಸು ಕಾಲಕ್ಕೇ, ಇನ್ನೂ ಎದೆಯ ಖಂಡಗಳು ಬಿಡಿಯಾಗದ ಒಂದು ಮಿಲಿಮೀಟರಿನ ಮರಿಗೂ ಸುಣ್ಣದ ಕವಚ ಬರುತ್ತಿತ್ತು. ಆ ಹಂತದ ಪಳೆಯುಳಿಕೆ ಒಲೆನೆಲ್ಲಸ್ ಬಳಗದಲ್ಲಿ ಸಿಕ್ಕಿಲ್ಲ. ಅವುಗಳ ಮರಿಗೆ ಕವಚ ಗಟ್ಟಿಯಾಗುತ್ತಿದ್ದದ್ದು ತಡವಾಗಿ ಎಂದು ಇದರಿಂದ ಊಹಿಸುತ್ತಾರೆ. ಹೊಲಿಗೆಯ ಸಾಕ್ಷ್ಯವೂ ಮರಿಗಳ ಸಾಕ್ಷ್ಯವೂ ಒಂದೇ ದಿಕ್ಕಿಗೆ ಬೆರಳು ಮಾಡುತ್ತವೆ.

ಭೂಗೋಳವೂ ಸುಮಾರಾಗಿ ಅದೇ ಗಡಿಯನ್ನು ಎಳೆಯುತ್ತದೆ. ಒಲೆನೆಲ್ಲಸ್ ಬಳಗದ ತವರು ಆಗಿನ ಉತ್ತರ ಅಮೆರಿಕ ಖಂಡ ಮತ್ತು ಅದರ ನೆರೆಹೊರೆ. ರೆಡ್ಲಿಕಿಯಾ ಬಳಗ ಸಿಗುವುದು ಚೀನಾ, ಆಸ್ಟ್ರೇಲಿಯಾ, ಹಿಮಾಲಯ, ಸಾಲ್ಟ್ ರೇಂಜ್, ಇರಾನ್ ಹೀಗೆ ಆಗಿನ ಗೊಂಡ್ವಾನಾ ಮಹಾಖಂಡದ ಪೂರ್ವದ ಅಂಚುಗಳಲ್ಲಿ. ಮೊರಾಕೊದ ಸುತ್ತ ಎರಡೂ ಬಳಗದವು ಬೆರೆಯುತ್ತವೆ. ತಿಳಿಯಾಳದಲ್ಲಿ ಬದುಕುವ ಪ್ರಾಣಿಗೆ ಆಳ ಸಮುದ್ರ ದೊಡ್ಡ ಗೋಡೆ. ರೆಡ್ಲಿಕಿಯಾ ಕುಲದ ಬಹು ದೊಡ್ಡ ಸದಸ್ಯ ಸಿಕ್ಕಿದ್ದು ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದ ಎಮು ಬೇ ಜೇಡುಗಲ್ಲಿನಲ್ಲಿ. 2019ರಲ್ಲಿ ರೆಡ್ಲಿಕಿಯಾ ರೆಕ್ಸ್ ಎಂಬ ಹೆಸರು ಪಡೆದ ಅದರ ಉದ್ದ ಸುಮಾರು 30 ಸೆಂಟಿಮೀಟರ್. ಅಲ್ಲಿನ ಮಣ್ಣು ಮೃದು ಅಂಗಗಳನ್ನೂ ಉಳಿಸಿಕೊಟ್ಟಿದೆ. ಕಾಲಿನ ಬುಡದಲ್ಲಿ ಚಿಪ್ಪು ಅರೆಯುವಂಥ ಗಡಸು ಮುಳ್ಳುಗಳಿವೆ. ಅದೇ ಪದರದಲ್ಲಿ ಪುಡಿಯಾದ ಟ್ರೈಲೊಬೈಟ್ ಕವಚ ತುಂಬಿದ ಹಿಕ್ಕೆಗಳೂ ಗಾಯವಾಗಿ ಮಾಗಿದ ಟ್ರೈಲೊಬೈಟ್‌ಗಳೂ ಸಿಗುತ್ತವೆ. ಟ್ರೈಲೊಬೈಟ್ ಟ್ರೈಲೊಬೈಟನ್ನೇ ತಿನ್ನುತ್ತಿದ್ದ ಕಾಲವದು ಎಂಬ ಅನುಮಾನ ಆಧಾರವಿಲ್ಲದ್ದಲ್ಲ.

ಕರ್ನಾಟಕದಲ್ಲಿ ಇವು ಸಿಗುತ್ತವೆಯೇ ಎಂದು ಓದುಗರು ಕೇಳುವುದುಂಟು. ಇಲ್ಲ. ಧಾರವಾಡ ಶಿಸ್ಟು, ಪರ್ಯಾಯದ್ವೀಪದ ನೈಸ್ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳೂ, ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಬರುವ ಭೀಮಾ ಕಣಿವೆಯ ಪದರಗಳೂ ಟ್ರೈಲೊಬೈಟ್ ಹುಟ್ಟುವ ಮೊದಲಿನವು. ಉತ್ತರದ ಕಪ್ಪು ಬಸಾಲ್ಟ್ ಹರಿದದ್ದು ಅವು ಅಳಿದು 18 ಕೋಟಿ ವರ್ಷವಾದ ಮೇಲೆ.

ಹೆಸರಿಡುವ ಈ ಜಗಳಗಳಿಂದ ಯಾರಿಗೇನು ಎನ್ನುವವರಿಗೆ ಮತ್ತೆ ಸಾಲ್ಟ್ ರೇಂಜ್‌ನ ಉಪ್ಪನ್ನೇ ತೋರಿಸಬೇಕು. 1940ರ ದಶಕದಲ್ಲಿ ಆ ಉಪ್ಪಿನ ವಯಸ್ಸಿನ ಬಗ್ಗೆ ಭಾರತದ ಭೂವಿಜ್ಞಾನಿಗಳು ಎರಡು ಪಾಳಯವಾದರು. ಪುರಾತನ ಸಸ್ಯಗಳ ಮಹಾ ವಿದ್ವಾಂಸ ಬೀರಬಲ್ ಸಾಹ್ನಿ ಉಪ್ಪಿನಲ್ಲೂ ಅದರ ಜೊತೆಗಿನ ಶಿಲೆಯಲ್ಲೂ ಮರದ ಸೂಕ್ಷ್ಮ ಚೂರುಗಳನ್ನು ಕಂಡರು. ಮರ ಹುಟ್ಟಿದ ಮೇಲಿನ ಉಪ್ಪು ಇದು, ಸುಮಾರು 5 ಕೋಟಿ ವರ್ಷ ಹಿಂದಿನ ಈಯೊಸೀನ್ ಕಾಲದ್ದು ಎಂದರು. ಹಾಗಿದ್ದರೆ ಅದರ ಮೇಲೆ 51 ಕೋಟಿ ವರ್ಷದ ಟ್ರೈಲೊಬೈಟ್ ಪದರ ಕೂತದ್ದು ಹೇಗೆ? ಹಳೆಯ ಶಿಲೆಯ ಹಾಳೆ ಹೊಸದರ ಮೇಲೆ ಜಾರಿ ಬಂದಿರಬೇಕು ಎಂಬುದು ಅವರ ಕಡೆಯ ಉತ್ತರ. ಇ. ಆರ್. ಜೀಯಂಥ ನಕಾಶೆಗಾರರು ಗುಡ್ಡ ಗುಡ್ಡ ಅಲೆದು, ಉಪ್ಪು ತನ್ನ ಜಾಗದಲ್ಲೇ ಇದೆ, ಟ್ರೈಲೊಬೈಟ್‌ಗಿಂತ ಹಳೆಯದು ಎಂದರು. ಪ್ರಯಾಗದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ಈ ಒಂದೇ ಪ್ರಶ್ನೆಗಾಗಿ ವಿಚಾರಗೋಷ್ಠಿಗಳನ್ನು ನಡೆಸಿತು. ಪ್ರಾಣಿಯ ಗುರುತು ಇಲ್ಲಿ ಪೂರ್ತಿ ಖಚಿತ. ಎರಡೂ ಪಾಳಯಗಳು ಅದನ್ನು ಒಪ್ಪಿದ್ದವು. ಆದರೆ ಪಳೆಯುಳಿಕೆ ತನ್ನ ಪದರದ ವಯಸ್ಸು ಹೇಳುತ್ತದೆಯೇ ಹೊರತು ಅಡಿಯ ಪದರದ್ದನ್ನಲ್ಲ. ಉಪ್ಪು ಒತ್ತಡಕ್ಕೆ ಸಿಕ್ಕರೆ ಹರಿಯುವ ವಸ್ತು, ನೀರು ಸೋಕಿದರೆ ಕರಗಿ ಮತ್ತೆ ಗಟ್ಟಿಯಾಗುವ ವಸ್ತು. ಹೊರಗಿನ ಚೂರು ಅದರೊಳಗೆ ಸೇರಿಕೊಳ್ಳುವುದು ಕಷ್ಟವಲ್ಲ. ಕಾಲಕ್ರಮದಲ್ಲಿ ಗೆದ್ದದ್ದು ಹಳೆಯ ಉಪ್ಪಿನ ಪಕ್ಷ. ಅದು ಕೇಂಬ್ರಿಯನ್‌ನ ಹೊಸ್ತಿಲಿನದು ಎಂದೇ ಈಗ ಒಪ್ಪಿಕೊಂಡಿದ್ದಾರೆ. ಸಾಹ್ನಿ 1949ರಲ್ಲಿ ತೀರಿಕೊಂಡರು.

ಹಿಮಾಲಯದಲ್ಲಿ ರೆಡ್ಲಿಕಿಯಾದ ಸಾಕ್ಷ್ಯ ಬೇರೆ ರೀತಿಯಲ್ಲಿ ಕೆಲಸಕ್ಕೆ ಬಂತು. ಶಿವಾಲಿಕ್‌ನ ಹಿಂದಿನ ಕೆಳಹಿಮಾಲಯದ ಶಿಲೆಗಳಲ್ಲಿ ಪಳೆಯುಳಿಕೆ ಬಹಳ ವಿರಳ. ಅವುಗಳಲ್ಲೊಂದಾದ ತಾಲ್ ಸಮೂಹದ ವಯಸ್ಸಿನ ಬಗ್ಗೆ ದಶಕಗಳ ಕಾಲ ಒಮ್ಮತವಿರಲಿಲ್ಲ. ಅಲ್ಲಿ ರೆಡ್ಲಿಕಿಯಾ ಬಳಗದ ಟ್ರೈಲೊಬೈಟ್‌ಗಳು ಸಿಕ್ಕ ಸುದ್ದಿ 1987ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬಂತು. ತಾಲ್ ಶಿಲೆಗಳ ವಯಸ್ಸನ್ನು ಕೇಂಬ್ರಿಯನ್‌ನ ಪೂರ್ವಾರ್ಧಕ್ಕೆ ಕಟ್ಟಿಹಾಕಲು ಅಷ್ಟು ಸಾಕಾಯಿತು. 2005ರಲ್ಲಿ ಹಿಮಾಚಲದ ನಿಗಲಿ ಧಾರ್‌ನ ಮಾದರಿಗಳನ್ನು ಮತ್ತೆ ಕೂತು ಪರಿಶೀಲಿಸಿದವರು ಅವುಗಳ ಜೊತೆಗಾರರನ್ನು ದಕ್ಷಿಣ ಚೀನಾದ ಪದರಗಳ ಟ್ರೈಲೊಬೈಟ್‌ಗಳೊಂದಿಗೆ ಸರಣಿ ಸರಣಿಯಾಗಿ ಹೊಂದಿಸಿದರು. ಸಾಲ್ಟ್ ರೇಂಜ್, ಕೆಳಹಿಮಾಲಯ, ಅದರಾಚೆಯ ಸ್ಪಿತಿ ಇವು ಮೂರೂ ಒಂದೇ ಕಡಲ ದಂಡೆಯ ಬೇರೆ ಬೇರೆ ಭಾಗಗಳಾಗಿದ್ದವು ಎಂಬ ವಾದಕ್ಕೆ ಬಲ ಬಂದದ್ದು ಇಂಥ ಹೊಂದಾಣಿಕೆಗಳಿಂದ. ಆ ದಂಡೆ ಮಡಿಸಿಕೊಂಡು ಪರ್ವತವಾದದ್ದು ಟ್ರೈಲೊಬೈಟ್‌ಗಳು ಅಳಿದು ಬಹಳ ಕಾಲವಾದ ಮೇಲೆ, ಭಾರತದ ಭೂಫಲಕ ಏಷ್ಯಾಕ್ಕೆ ಬಂದು ಡಿಕ್ಕಿ ಹೊಡೆದಾಗ.